ಮರೆತ ವಸ್ತು ಯಾರದು?



ಒಮ್ಮೆ ಬಳಸಿದ ಗಣಕಯಂತ್ರವನ್ನು ಕಡಮೆ ಬೆಲೆಗೆ ಕೊಳ್ಳುವುದು ಇಂದು ಅಂಗಡಿ, ಪಾಠಶಾಲೆ, ಬಸದಿಯ ಕಚೇರಿಗಳಲ್ಲೆಲ್ಲ ರೂಢಿಯಾಗಿದೆ. ಅದು ಮಿತವ್ಯಯ, ಅದರಲ್ಲಿ ದೋಷವಿಲ್ಲ. ಆದರೆ ಆ ಯಂತ್ರದ ಹಾರ್ಡ್ ಡಿಸ್ಕಿನಲ್ಲಿ ಹಿಂದಿನ ಒಡೆಯನ ಕಡತಗಳು ಎಷ್ಟೋ ಬಾರಿ ಉಳಿದಿರುತ್ತವೆ. ಹೆಸರಿಲ್ಲದ, ಗುರುತಿಲ್ಲದ ಆ ಕಡತಗಳು ಯಾವ ಬಗೆಯವೆಂದು ಪತ್ತೆಹಚ್ಚಿ ತೆರೆದು ನೋಡುವುದು ನಮ್ಮ ತರುಣರಿಗೆ ಜಾಣತನದ ವಿನೋದವಾಗಿದೆ. ಹಿರಿಯರಾದ ನಾವು ಬೆನ್ನು ತಟ್ಟುತ್ತಿದ್ದೇವೆ. ಇದು ಅಚೌರ್ಯಾಣುವ್ರತದ ಭಂಗವೆಂದು ಯಾವ ಸಂಕೋಚವೂ ಇಲ್ಲದೆ ಹೇಳಬಯಸುತ್ತೇನೆ.

ಹೀಗೆ ಹೇಳಲು ನಿನಗೇನು ಅಧಿಕಾರವೆಂದು ಯಾರಾದರೂ ಕೇಳಬಹುದು. ಈ ತಪ್ಪನ್ನು ಮಾಡಿದವನೆಂಬುದೇ ನನ್ನ ಅಧಿಕಾರ. ಕೆಲವು ವರ್ಷಗಳ ಹಿಂದೆ ಅಂಗಡಿಯ ಲೆಕ್ಕಪತ್ರಕ್ಕೆಂದು ಅಂಥದೊಂದು ಯಂತ್ರವನ್ನು ಕೊಂಡೆ. ನನ್ನ ತಂಗಿಯ ಮಗ ಅದರಲ್ಲಿ ಕೆಲವು ಕಡತಗಳನ್ನು ಕಂಡು, ಅರ್ಧ ಗಂಟೆಯಲ್ಲಿ ಅವುಗಳ ಬಗೆಯನ್ನು ಕಂಡುಹಿಡಿದು, “ಮಾವ, ಯಾರದೋ ಖಾತೆ ಪುಸ್ತಕ ಇದು” ಎಂದು ತೋರಿಸಿದ. ಅದು ನನಗೆ ಪರಿಚಿತರಾದ ವ್ಯಾಪಾರಿಯೊಬ್ಬರ ಲೆಕ್ಕ. ಅದರಲ್ಲಿ ಏನಿತ್ತೆಂದು ಇಲ್ಲಿ ಬರೆದರೆ ಅದೇ ತಪ್ಪನ್ನು ಎರಡನೆಯ ಬಾರಿ ಮಾಡಿದಂತಾದೀತು. ವಾಣಿಜ್ಯಶಾಸ್ತ್ರ ಓದಿದವನಿಗೆ ಅದರ ತಾತ್ಪರ್ಯ ತಿಳಿಯಲು ಐದು ನಿಮಿಷ ಸಾಕಾಯಿತೆಂದಷ್ಟೇ ಹೇಳುತ್ತೇನೆ. ಮುಂದಿನ ತಿಂಗಳು ಅವರು ಎಂದಿನಂತೆ ಉದ್ದರಿಯಲ್ಲಿ ಸರಕು ಕೇಳಿದರು. ದಾಸ್ತಾನಿಲ್ಲವೆಂದೆ. ದಾಸ್ತಾನಿತ್ತು. ಅವರು ಒಮ್ಮೆಯೂ ಬಾಕಿ ಉಳಿಸಿಕೊಂಡವರಲ್ಲ. ಒಂದು ಕಡತವನ್ನು ತೆರೆದುದರಿಂದ ಮೊದಲು ಅಚೌರ್ಯ ಕೆಟ್ಟಿತು, ಅದರ ಬೆನ್ನಿಗೇ ಸತ್ಯವೂ ಕೆಟ್ಟಿತು.

ಅಳಿಸಿದ ಮೇಲೂ ಕಡತ ಉಳಿಯುವುದು ಹೇಗೆ? ವ್ಯಾಪಾರಿಗಳಾದ ನಮಗೆ ಇದು ಸುಲಭವಾಗಿ ತಿಳಿಯಬೇಕು. ಖಾತೆ ಪುಸ್ತಕದ ಮೊದಲಿಗೆ ಇರುವ ಹೆಸರುಗಳ ಪಟ್ಟಿಯಲ್ಲಿ ಒಂದು ಹೆಸರನ್ನು ಹೊಡೆದುಹಾಕಿದರೆ ಒಳಗಿನ ಪುಟ ಅಳಿಯುವುದಿಲ್ಲ. ಕಾಂತೀಯ ಡಿಸ್ಕಿನಲ್ಲಿ ಕಡತವನ್ನು ಅಳಿಸಿದಾಗ ನಡೆಯುವುದೂ ಸಾಮಾನ್ಯವಾಗಿ ಇಷ್ಟೇ. ಆ ಜಾಗದ ಮೇಲೆ ಬೇರೇನನ್ನಾದರೂ ಬರೆಯುವವರೆಗೆ ಹಳೆಯ ಬರೆಹ ಹಾಗೆಯೇ ಇರುತ್ತದೆ. ಕ್ವಿಕ್ ಫಾರ್ಮ್ಯಾಟ್ ಎಂಬುದೂ ಪಟ್ಟಿಯನ್ನಷ್ಟೇ ಹೊಸದು ಮಾಡುತ್ತದೆ. ಇನ್ನು ಗುರುತಿಲ್ಲದ ಕಡತದ ಬಗೆಯನ್ನು ಅದರ ಆರಂಭದ ಕೆಲವೇ ಅಕ್ಷರಗಳು ಹೇಳಿಬಿಡುತ್ತವೆ. ಪಿಡಿಎಫ್ ಕಡತವು ಶೇಕಡಾ ಚಿಹ್ನೆಯನ್ನೂ ತನ್ನ ಹೆಸರಿನ ಮೂರು ಅಕ್ಷರಗಳನ್ನೂ ತಲೆಯ ಮೇಲೆ ಹೊತ್ತಿರುತ್ತದೆ. ಜಿಪ್ ಕಡತವು ಆ ವಿಧಾನವನ್ನು ರೂಪಿಸಿದ ಫಿಲ್ ಕಾಟ್ಜ್ ಅವರ ‘ಪಿ’, ‘ಕೆ’ ಎಂಬ ಮೊದಲಕ್ಷರಗಳಿಂದ ಆರಂಭವಾಗುತ್ತದೆ.

ಇದು ಎಲ್ಲೋ ಅಪರೂಪಕ್ಕೆ ನಡೆಯುವ ಸಂಗತಿಯೆಂದು ಭಾವಿಸಬೇಡಿ. ಅಮೆರಿಕದ ಎಂಐಟಿ ಸಂಸ್ಥೆಯ ಸಿಮ್ಸನ್ ಗಾರ್‌ಫಿಂಕೆಲ್ ಮತ್ತು ಅಭಿ ಶೇಲಟ್ ಎಂಬ ಸಂಶೋಧಕರು 2000ದಿಂದ 2002ರ ಅವಧಿಯಲ್ಲಿ 158 ಹಳೆಯ ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ, 2003ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಓದಲು ಸಾಧ್ಯವಾದ 129 ಡಿಸ್ಕುಗಳಲ್ಲಿ ಸರಿಯಾಗಿ ಶುದ್ಧಿಗೊಳಿಸಿದ್ದವು ಕೇವಲ 12. ಉಳಿದವುಗಳಲ್ಲಿ ಕ್ರೆಡಿಟ್ ಕಾರ್ಡಿನ ಸಂಖ್ಯೆಗಳು, ವೈದ್ಯಕೀಯ ವಿವರಗಳು, ಖಾಸಗಿ ಪತ್ರಗಳು ಸಿಕ್ಕಿದವು. ದೊಡ್ಡ ಸಂಸ್ಥೆಗಳೂ ಇದಕ್ಕೆ ಹೊರತಲ್ಲ. ಗಿರಾಕಿಗಳ ವಿವರವಿದ್ದ ಹಳೆಯ ಯಂತ್ರಗಳನ್ನು ಅಜಾಗರೂಕತೆಯಿಂದ ವಿಲೇವಾರಿ ಮಾಡಿದ ಪ್ರಕರಣದಲ್ಲಿ ಮಾರ್ಗನ್ ಸ್ಟ್ಯಾನ್ಲಿ ಬಳಗದ ಸಂಸ್ಥೆಯು 2022ರಲ್ಲಿ ಅಮೆರಿಕದ ಷೇರು ನಿಯಂತ್ರಣ ಆಯೋಗಕ್ಕೆ 3.5 ಕೋಟಿ ಡಾಲರ್ ದಂಡ ತೆರಲು ಒಪ್ಪಬೇಕಾಯಿತು.

ಈಗ ಪ್ರತಿವಾದಗಳನ್ನು ನೋಡೋಣ. “ಹಣ ಕೊಟ್ಟು ಕೊಂಡಿದ್ದೇನೆ, ಒಳಗಿರುವುದೂ ನನ್ನದೇ” ಎಂಬುದು ಮೊದಲನೆಯದು. ಹಳೆಯ ಬೀರುವೊಂದನ್ನು ಕೊಂಡು ತಂದಾಗ ಅದರ ಒಳಖಾನೆಯಲ್ಲಿ ಯಾರದೋ ಮಾಂಗಲ್ಯ ಸಿಕ್ಕರೆ ಇದೇ ಮಾತನ್ನು ಹೇಳುತ್ತೇವೆಯೇ? ಮಾರಿದವನು ಬೆಲೆ ಕಟ್ಟಿದ್ದು ಬೀರುವಿಗೆ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಅಣುವ್ರತವನ್ನು ನಿರೂಪಿಸುವಾಗ ಇಟ್ಟ ವಸ್ತು, ಬಿದ್ದ ವಸ್ತು, ಮರೆತ ವಸ್ತು ಎಂದು ಬಿಡಿಬಿಡಿಯಾಗಿ ಎಣಿಸಿ, ಒಡೆಯನು ಕೊಡದ ಹೊರತು ಅದನ್ನು ತಾನು ತೆಗೆದುಕೊಳ್ಳುವುದೂ ಇನ್ನೊಬ್ಬರಿಗೆ ಕೊಡುವುದೂ ಸಲ್ಲದೆಂದು ಸ್ಪಷ್ಟಪಡಿಸಿದ್ದಾರೆ. ಡಿಸ್ಕಿನಲ್ಲಿ ಉಳಿದ ಕಡತವು ಈ ಮೂರನೆಯ ಬಗೆಯದು. ಅದು ಮರೆತ ವಸ್ತು.

“ನೋಡಿದರೆ ಏನು ಹೋಯಿತು? ಒಡೆಯನಿಗೆ ಏನೂ ಕಡಮೆಯಾಗಲಿಲ್ಲವಲ್ಲ” ಎಂಬುದು ಎರಡನೆಯದು. ಕಡಮೆಯಾಗುವುದು ಹಣವೊಂದೇ ಎಂದು ತಿಳಿದವರ ಮಾತಿದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಅತಿಚಾರಗಳಲ್ಲಿ ರಹೋಭ್ಯಾಖ್ಯಾನವನ್ನೂ, ಅಂದರೆ ಏಕಾಂತದ ಸಂಗತಿಯನ್ನು ಬಯಲು ಮಾಡುವುದನ್ನೂ, ನ್ಯಾಸಾಪಹಾರವನ್ನೂ ಸೇರಿಸಿದೆ. ಅನ್ಯರ ಗುಟ್ಟಿಗೂ ಬೆಲೆಯಿದೆಯೆಂದು ನಮ್ಮ ಪೂರ್ವಾಚಾರ್ಯರು ಅರಿತಿದ್ದರು. ನಮ್ಮ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಕಾನೂನು ಈಗ ತಲುಪಿದ ಸ್ಥಳದಲ್ಲಿ ಶ್ರಾವಕನು ಬಹು ಹಿಂದೆಯೇ ನಿಂತಿರಬೇಕಿತ್ತು.

ಮೂರನೆಯ ವಾದ ಪಂಡಿತರಿಂದ ಬರುತ್ತದೆ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ದೀರ್ಘಕಾಲ ದರ್ಶನಕ್ಕಷ್ಟೇ ದೊರೆಯುತ್ತಿದ್ದ ಧವಲದ ತಾಡವಾಲೆಗಳ ಪ್ರತಿ ಗುಟ್ಟಾಗಿ ಹೊರಬರದಿದ್ದರೆ, 1939ರಿಂದ ಅದು ಅಚ್ಚಾಗಿ ನಮ್ಮ ಕೈಸೇರುತ್ತಿತ್ತೇ ಎನ್ನುತ್ತಾರೆ. ಮೇಲ್ನೋಟಕ್ಕೆ ಇದು ಬಲವಾದ ವಾದ. ಆದರೆ ಆ ಶಾಸ್ತ್ರವನ್ನು ಬರೆದವರು ಅದನ್ನು ಸಕಲ ಭವ್ಯಜೀವರಿಗಾಗಿ ಬರೆದರು, ಮುಚ್ಚಿಟ್ಟವರು ಕಾವಲುಗಾರರು. ಒಬ್ಬ ಗೃಹಸ್ಥನು ತನ್ನ ಪತ್ನಿಗೆ ಬರೆದ ಪತ್ರ, ರೋಗಿಯೊಬ್ಬನ ರಕ್ತಪರೀಕ್ಷೆಯ ವರದಿ ಇವು ಲೋಕಕ್ಕಾಗಿ ಬರೆದವಲ್ಲ. ಜಿನವಾಣಿಯನ್ನು ತೆರೆದ ಪುಣ್ಯದಲ್ಲಿ ನೆರೆಮನೆಯ ಪೆಟ್ಟಿಗೆಯನ್ನು ತೆರೆಯುವವನಿಗೆ ಪಾಲಿಲ್ಲ.

ನಾಲ್ಕನೆಯ ವಾದವೊಂದನ್ನು ಮಾತ್ರ ನಾನು ಗೌರವಿಸುತ್ತೇನೆ: “ಯಾರದೆಂದು ತಿಳಿಯದೆ ಹಿಂದಿರುಗಿಸುವುದು ಹೇಗೆ?” ಲಕೋಟೆಯ ಮೇಲಿನ ವಿಳಾಸವನ್ನು ಓದುವುದಕ್ಕೂ ಲಕೋಟೆಯನ್ನು ಒಡೆಯುವುದಕ್ಕೂ ಅಂತರವಿದೆ. ಕಡತಗಳಿವೆಯೆಂದು ಕಂಡೊಡನೆ ಮಾರಿದವನನ್ನು ಕೇಳಬೇಕು. ಅವನ ಮೂಲಕ ಒಡೆಯನು ಸಿಕ್ಕಿದರೆ ಡಿಸ್ಕನ್ನೇ ಅವನ ಕೈಗೆ ಕೊಡಬೇಕು, ಇಲ್ಲವೆ ಅವನ ಒಪ್ಪಿಗೆಯಂತೆ ಅಳಿಸಬೇಕು. ಸಿಗದಿದ್ದರೆ ತೆರೆಯದೆಯೇ ಪೂರ್ತಿಯಾಗಿ ಅಳಿಸಿಬಿಡಬೇಕು. ಯಾರದೋ ಮಗುವಿನ ಭಾವಚಿತ್ರಗಳು ನಾಶವಾದಾವೆಂಬ ಅಳುಕು ನನಗೂ ಇದೆ. ಆದರೆ ಆ ಅಳುಕಿನ ನೆಪದಲ್ಲಿ ಕುತೂಹಲವು ಒಳಹೊಕ್ಕುದನ್ನು ನಾನು ನನ್ನಲ್ಲೇ ಕಂಡಿದ್ದೇನೆ.

ಕೊಳ್ಳುವವನಿಗಿಂತ ಕೊಡುವವನ ಪ್ರಮಾದವೂ ಕಡಮೆಯದಲ್ಲ. ಬಸದಿಯ ಟ್ರಸ್ಟಿನ ಯಂತ್ರದಲ್ಲಿ ದಾನಿಗಳ ಹೆಸರು, ವಿಳಾಸ, ಕೊಟ್ಟ ಮೊತ್ತ, ಗುಪ್ತದಾನದ ವಿವರ ಎಲ್ಲವೂ ಇರುತ್ತವೆ. ಹೆಸರು ಹೊರಬರಬಾರದೆಂದು ಕೇಳಿಕೊಂಡು ಕೊಟ್ಟವನ ಹೆಸರನ್ನು ಗುಜರಿಯವನ ಗಾಡಿಯಲ್ಲಿ ಹೇರಿ ಕಳಿಸುವ ಟ್ರಸ್ಟು ಅಷ್ಟವಿಧಾರ್ಚನೆಯನ್ನು ಎಷ್ಟು ಶುದ್ಧವಾಗಿ ಮಾಡಿದರೇನು? ಕಾಂತೀಯ ಡಿಸ್ಕಾದರೆ ಅದರ ಉದ್ದಗಲಕ್ಕೂ ಒಮ್ಮೆ ಸೊನ್ನೆಗಳನ್ನು ಬರೆಯಿಸಿದರೆ ಸಾಕು. ಎಸ್‌ಎಸ್‌ಡಿ ಆದರೆ ತಯಾರಕರು ಕೊಟ್ಟ ಅಳಿಸುವ ಆದೇಶವನ್ನು ಬಳಸಬೇಕು. ಕೆಟ್ಟು ನಿಂತಿದ್ದರೆ ಹೊರತೆಗೆದು ಒಡೆದು, ತುಣುಕುಗಳನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಬೇಕು. ಯಾವ ಯಂತ್ರ, ಯಾವ ದಿನ, ಯಾರ ಸಮಕ್ಷಮ ಅಳಿಸಲಾಯಿತೆಂದು ಕಾರ್ಯದರ್ಶಿಗಳು ರುಜು ಹಾಕಿದ ಒಂದು ದಾಖಲೆ ಪುಸ್ತಕವಿರಲಿ. ಹುಂಡಿಯ ಹಣವನ್ನು ಇಬ್ಬರ ಎದುರು ಎಣಿಸುವ ನಮಗೆ ಇದು ಹೊಸ ಪದ್ಧತಿಯೇನಲ್ಲ. ಪ್ರತಿ ಟ್ರಸ್ಟೂ ತನ್ನ ಮುಂದಿನ ಸಭೆಯಲ್ಲಿ ಇದನ್ನು ನಿರ್ಣಯವಾಗಿ ಅಂಗೀಕರಿಸಬೇಕೆಂದು ಆಗ್ರಹಪಡಿಸುತ್ತೇನೆ.

ನಾನು ಪ್ರತಿ ವರ್ಷವೂ ಕ್ಷಮಾವಾಣಿಯಂದು ಆ ವ್ಯಾಪಾರಿಗೆ ಕೈಮುಗಿದು ಕ್ಷಮೆ ಕೇಳುತ್ತಿದ್ದೆ. ಯಾವ ತಪ್ಪಿಗೆಂದು ಹೇಳುತ್ತಿರಲಿಲ್ಲ. ಈ ಲೇಖನವನ್ನು ಪತ್ರಿಕೆಗೆ ಕಳಿಸುವ ಮುನ್ನ ಅವರ ಮನೆಗೆ ಹೋಗಿ, ಕುಳಿತು, ಎಲ್ಲವನ್ನೂ ಹೇಳಿ, ಇದನ್ನು ಓದಿ ತೋರಿಸಿ ಅವರ ಅನುಮತಿ ಪಡೆದೆ. ಅವರು ನನಗೆ ಏನೆಂದರೆಂಬುದು ಅವರ ಸ್ವತ್ತು. ಅದನ್ನು ಬರೆಯಲು ನಾನು ಅನುಮತಿ ಕೇಳಲಿಲ್ಲ, ಆದ್ದರಿಂದ ಬರೆಯುವುದಿಲ್ಲ.

ಇತ್ಯಲಂ. ಜೈ ಜಿನೇಂದ್ರ.