ಗುಳ್ಳದ ಬೀಜಕ್ಕೆ ಯಾರ ಒಪ್ಪಿಗೆ ಬೇಕಿತ್ತು?

ಕೇಂದ್ರ ಕೃಷಿ ಸಚಿವರು 2025ರ ಮೇ 4ರಂದು ಜೀನೋಮ್ ತಿದ್ದುಪಡಿಯಿಂದ ರೂಪಿಸಿದ ಎರಡು ಭತ್ತದ ತಳಿಗಳನ್ನು ಪ್ರಕಟಿಸಿದರು. ಅನ್ಯ ಜೀವಿಯ ಜೀನ್ ಸೇರಿಸದೆ ತಿದ್ದಿದ ಇಂಥ ಬೆಳೆಗಳಿಗೆ 2022ರಲ್ಲೇ ಜೈವಿಕ ಸುರಕ್ಷತೆಯ ಹಲವು ನಿಯಮಗಳಿಂದ ವಿನಾಯಿತಿ ಸಿಕ್ಕಿದೆ. ಹೊರಗಿನ ತಪಾಸಣೆ ಕಡಿಮೆಯಾದಷ್ಟೂ ತಳಿ ರೂಪಿಸುವ ಸಂಸ್ಥೆಯ ಹೊಣೆ ಹೆಚ್ಚುತ್ತದೆ. ಆ ಹೊಣೆ ಹೊರಲು ನಮ್ಮ ಸಾರ್ವಜನಿಕ ಸಂಸ್ಥೆಗಳು ಸಿದ್ಧವಾಗಿವೆಯೇ? ಧಾರವಾಡದ ಎರಡು ಪ್ರಕರಣಗಳನ್ನು ನೋಡಿದವರು ಹೌದೆನ್ನಲಾರರು.

ಮೊದಲನೆಯದು ಬದನೆ. ಅಮೆರಿಕ ಸರ್ಕಾರದ ನೆರವಿನಿಂದ ಕಾರ್ನೆಲ್ ವಿಶ್ವವಿದ್ಯಾಲಯ ಮುನ್ನಡೆಸಿದ ಯೋಜನೆಯೊಂದರಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯ ಮತ್ತು ಮಹಿಕೊ ಬೀಜ ಕಂಪನಿ 2005ರಲ್ಲಿ ಕೈಜೋಡಿಸಿದವು. ಉಡುಪಿ ಗುಳ್ಳ, ಮಲಾಪುರ, ಕುಡಚಿ, ರಬಕವಿ, ಮಂಜರಿ ಗೋಟಾ ಸೇರಿ ಆರು ತಳಿಗಳಿಗೆ ಕೀಟ ತಡೆಯುವ ಬಿಟಿ ಜೀನ್ ಸೇರಿಸುವ ಕೆಲಸ ನಡೆಯಿತು. ಇವುಗಳಲ್ಲಿ ಹೆಚ್ಚಿನವು ಊರಿನ ಹೆಸರನ್ನೇ ಹೊತ್ತ ತಳಿಗಳು. ಉಡುಪಿ ಬಳಿಯ ಮಟ್ಟು ಗುಳ್ಳಕ್ಕಂತೂ ಸೋದೆ ಮಠದ ವಾದಿರಾಜರು ಬೀಜ ಕೊಟ್ಟರೆಂಬ ಐತಿಹ್ಯವಿದೆ, 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ತಲೆಮಾರುಗಳಿಂದ ಬೀಜ ಆರಿಸಿ, ಒಣಗಿಸಿ, ಕಾಪಾಡಿದವರು ರೈತರು. ಅವರನ್ನು ಯಾರು ಕೇಳಿದರು?

ಈ ಪ್ರಶ್ನೆಯನ್ನು ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಘಟನೆ 2010ರ ಫೆಬ್ರುವರಿಯಲ್ಲಿ ಕರ್ನಾಟಕ ಜೀವವೈವಿಧ್ಯ ಮಂಡಳಿಯ ಮುಂದಿಟ್ಟಿತು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಬೇಕಾದ ಅನುಮತಿ ಪಡೆಯದೆಯೇ ಸ್ಥಳೀಯ ತಳಿಗಳನ್ನು ಬಳಸಲಾಗಿದೆ ಎಂಬುದು ದೂರು. 2012ರಲ್ಲಿ ಪ್ರಕರಣ ಧಾರವಾಡದ ನ್ಯಾಯಾಲಯದ ಮೆಟ್ಟಿಲೇರಿತು. ರೈತರಿಗಾಗಿಯೇ ಹುಟ್ಟಿದ ಸಂಸ್ಥೆಯ ಅಧಿಕಾರಿಗಳು ರೈತರ ಬೀಜದ ವಿಚಾರದಲ್ಲಿ ಆರೋಪಿಗಳಾದರು. ಕೋರ್ಟಿನ ತೀರ್ಪು ಏನೇ ಇರಲಿ, ಊರಿನವರನ್ನು ಮೊದಲು ಕೇಳಿದ್ದರೆ ಈ ಸ್ಥಿತಿ ಬರುತ್ತಿರಲಿಲ್ಲ.

ಎರಡನೆಯದು ಹತ್ತಿ. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಮತ್ತು ಧಾರವಾಡ ಕೃಷಿ ವಿಶ್ವವಿದ್ಯಾಲಯ ಸೇರಿ ರೂಪಿಸಿದ ‘ಬಿಕಾನೇರಿ ನರ್ಮಾ’ ಬಿಟಿ ಹತ್ತಿ 2009ರಲ್ಲಿ ಹೊಲಕ್ಕೆ ಬಂತು. ಸ್ವದೇಶಿ ಬಿಟಿ, ಕಡಿಮೆ ಬೆಲೆ, ಬೀಜ ಉಳಿಸಿಕೊಂಡು ಮತ್ತೆ ಬಿತ್ತಬಹುದು: ರೈತರಿಗೆ ಇದಕ್ಕಿಂತ ದೊಡ್ಡ ಭರವಸೆ ಬೇಕಿರಲಿಲ್ಲ. ಆದರೆ ಒಂದೇ ಹಂಗಾಮಿನ ಬಳಿಕ ಬೀಜೋತ್ಪಾದನೆ ನಿಂತಿತು. ಆ ಬೀಜದಲ್ಲಿ ಮೊನ್ಸಾಂಟೊ ಕಂಪನಿಯ ‘ಮಾನ್ 531’ ಎಂಬ ಬಿಟಿ ಜೀನ್ ಅಂಶವಿದೆ ಎಂಬುದನ್ನು ತನಿಖೆ ನಡೆಸಿದ ಎಸ್.ಕೆ. ಸೋಪೋರಿ ಸಮಿತಿ 2012ರಲ್ಲಿ ದೃಢಪಡಿಸಿತು. ಸ್ವಂತದ್ದೆಂದು ಸಾರಿದ ತಳಿಯ ಮೂಲವನ್ನು ಬಿಡುಗಡೆಗೆ ಮೊದಲೇ ಹೊರಗಿನ ಪ್ರಯೋಗಾಲಯವೊಂದು ಪರೀಕ್ಷಿಸಿದ್ದರೆ ಇದು ಅಲ್ಲೇ ಬಯಲಾಗುತ್ತಿತ್ತು. ಇಲ್ಲಿ ಸೋತದ್ದು ಕಂಪನಿಗಳ ಹಿಡಿತಕ್ಕೆ ಪರ್ಯಾಯ ಒದಗಿಸಬಹುದೆಂಬ ಸಾರ್ವಜನಿಕ ವಿಜ್ಞಾನದ ಕನಸು.

ಇಷ್ಟೆಲ್ಲ ಕೇಳುತ್ತ ಕುಳಿತರೆ ಸಂಶೋಧನೆ ನಿಂತುಹೋಗುತ್ತದೆ ಎಂದು ಕೆಲವು ವಿಜ್ಞಾನಿಗಳು ಹೇಳುತ್ತಾರೆ. ಬಾಂಗ್ಲಾದೇಶದ ರೈತರು 2014ರಿಂದ ಬಿಟಿ ಬದನೆ ಬೆಳೆಯುತ್ತಿದ್ದಾರೆ, ನಾವು ಮಾತ್ರ ಹಿಂದುಳಿದೆವು ಎಂಬುದೂ ಅವರ ದೂರು. ಕಾಂಡ ಮತ್ತು ಕಾಯಿ ಕೊರಕದ ಕಾಟ ನಿಜ, ಅದಕ್ಕಾಗಿ ರೈತರು ಸುರಿಯುವ ವಿಷವೂ ನಿಜ. ಆದರೆ ನಮ್ಮಲ್ಲಿ ಬಿಟಿ ಬದನೆಯನ್ನು ತಡೆದದ್ದು ಜನರ ಅಜ್ಞಾನವಲ್ಲ. ಅದರ ಸುರಕ್ಷತಾ ಪರೀಕ್ಷೆಗಳ ವರದಿ ಹೊರಬರಲು ಮಾಹಿತಿ ಹಕ್ಕಿನ ಅರ್ಜಿಯಿಂದ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ಬಚ್ಚಿಟ್ಟ ವರದಿಯನ್ನು ಜನ ನಂಬುವುದಿಲ್ಲ. 2009ರ ಅಕ್ಟೋಬರಿನಲ್ಲಿ ಸಿಕ್ಕ ಅನುಮೋದನೆಯನ್ನು ಅಂದಿನ ಪರಿಸರ ಸಚಿವ ಜೈರಾಂ ರಮೇಶ್ 2010ರ ಫೆಬ್ರುವರಿ 9ರಂದು ತಡೆಹಿಡಿದದ್ದು ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ಜನರ ಮಾತು ಕೇಳಿದ ಮೇಲೆ.

ಆ ಏಳರಲ್ಲಿ ಚೆನ್ನೈ ಇರಲಿಲ್ಲ. ಆದರೆ ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯವೂ ಕಾರ್ನೆಲ್ ಮುನ್ನಡೆಸಿದ ಅದೇ ಬದನೆ ಯೋಜನೆಯಲ್ಲಿ ತಮಿಳುನಾಡಿನ ನಾಲ್ಕು ಬದನೆ ತಳಿಗಳೊಂದಿಗೆ ಸೇರಿತ್ತು. ಹಾಗಾಗಿ ಚೆನ್ನೈನ ಮೈಲಾಪುರದಲ್ಲಿರುವ ನಮ್ಮಂಥ ಕನ್ನಡಿಗರಿಗೆ ಇದು ದೂರದ ಊರಿನ ಸುದ್ದಿಯಲ್ಲ. ಕಪಾಲೀಶ್ವರ ದೇವಸ್ಥಾನದ ಸುತ್ತಲಿನ ಮಾಡ ಬೀದಿಗಳಲ್ಲಿ ಬದನೆ ಕೊಳ್ಳುವವರಿಗೂ ಅದು ಎಲ್ಲಿಂದ, ಹೇಗೆ ಬಂತೆಂದು ಕೇಳುವ ಹಕ್ಕಿದೆ.

ಪಾಠ ಕಲಿಯಬೇಕಾದ ಕೇಂದ್ರ ಸರ್ಕಾರ ತದ್ವಿರುದ್ಧ ನಡೆದಿದೆ. ಜೀವವೈವಿಧ್ಯ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ತಂದು ಜೈಲು ಶಿಕ್ಷೆಯನ್ನು ತೆಗೆದು ದಂಡವನ್ನಷ್ಟೇ ಉಳಿಸಿದೆ. ಕುಲಾಂತರಿ ಸಾಸಿವೆಯ ವಿಚಾರದಲ್ಲಿ 2024ರ ಜುಲೈ 23ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಸಂಜಯ್ ಕರೋಲ್ ಅನುಮೋದನೆಯ ಬಗ್ಗೆ ಭಿನ್ನ ತೀರ್ಪು ಕೊಟ್ಟರು. ಆದರೆ ಎಲ್ಲರ ಮಾತು ಕೇಳಿ ರಾಷ್ಟ್ರೀಯ ನೀತಿ ರೂಪಿಸಬೇಕೆಂಬುದರಲ್ಲಿ ಇಬ್ಬರೂ ಒಂದಾಗಿದ್ದರು.

ಆ ನೀತಿಯಲ್ಲಿ ಮೂರು ಸಂಗತಿ ಇರಲೇಬೇಕು. ಸ್ಥಳೀಯ ತಳಿ ಪ್ರಯೋಗಾಲಯಕ್ಕೆ ಹೋಗುವ ಮೊದಲೇ ಆ ಊರಿನ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಒಪ್ಪಿಗೆ ಪಡೆಯಬೇಕು. ಕಂಪನಿಗಳೊಂದಿಗಿನ ಒಪ್ಪಂದಗಳು ಮತ್ತು ಸುರಕ್ಷತಾ ವರದಿಗಳು ಅನುಮೋದನೆಗೆ ಮೊದಲೇ ಕನ್ನಡ, ತಮಿಳಿನಂಥ ಜನಭಾಷೆಗಳಲ್ಲಿ ಪ್ರಕಟವಾಗಬೇಕು. ಹೊಸ ತಳಿಯ ಮೂಲವನ್ನು ಅದನ್ನು ರೂಪಿಸಿದ ಸಂಸ್ಥೆಗೆ ಸಂಬಂಧವಿಲ್ಲದ ಪ್ರಯೋಗಾಲಯ ದೃಢೀಕರಿಸಬೇಕು. ಇವುಗಳಿಗೆ ಹೊಸ ಕಾನೂನು ಬರುವ ತನಕ ಕಾಯಬೇಕಿಲ್ಲ. ಧಾರವಾಡ ಮತ್ತು ಕೊಯಮತ್ತೂರಿನ ಆಡಳಿತ ಮಂಡಳಿಗಳು ಮನಸ್ಸು ಮಾಡಿದರೆ ಮುಂದಿನ ಸಭೆಯಲ್ಲೇ ನಿರ್ಣಯ ಕೈಗೊಳ್ಳಬಹುದು. ಜನರ ತೆರಿಗೆಯಿಂದ ನಡೆಯುವ ಸಂಸ್ಥೆಗಳು ಜನರಿಗೆ ಲೆಕ್ಕ ಕೊಡಲೇಬೇಕು.