ನಡುರಾತ್ರಿಯ ಕರೆಂಟು, ಹೊಲದ ಹಾವು

ಕರೆಂಟು ಹೋದರೆ ಪೇಟೆಯವರಿಗೆ ನೆನಪಾಗುವುದು ಸೊಳ್ಳೆ, ಸೆಕೆ, ನಿಂತ ಫ್ಯಾನು. ಮಲ್ಲಿಪಟ್ಟಣದ ಸುತ್ತಿನ ರೈತರಿಗೆ ಕರೆಂಟು ಹೋಗುವ ಹೊತ್ತಿಗಿಂತ ಅದು ಬರುವ ಹೊತ್ತೇ ಹೆಚ್ಚು ಅಪಾಯದ್ದು. ಪಂಪ್‌ಸೆಟ್ಟಿಗೆ ಬೇಕಾದ ಮೂರು ಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ. ಪಾಳಿ ರಾತ್ರಿಗೆ ಬಿದ್ದರೆ ಟಾರ್ಚು ಹಿಡಿದು ಹೊಲಕ್ಕೆ ಹೋಗಲೇಬೇಕು. ಇಲಿ, ಕಪ್ಪೆ ಹುಡುಕುತ್ತ ಹಾವು ಹೊರಬರುವುದೂ ಆಗಲೇ.

ನೀರು ಕಟ್ಟಲು ಹೋಗಿ ಕಚ್ಚಿಸಿಕೊಂಡು ಬಂದವರನ್ನು ನಾನು ಕಂಡಿದ್ದೇನೆ. ಅಷ್ಟು ಹೊತ್ತಿನಲ್ಲಿ ಯಾಕೆ ಹೋದಿರಿ ಎಂದರೆ ಉತ್ತರ ಒಂದೇ: ‘ಕರೆಂಟು ಬಂದಿದ್ದೇ ಹನ್ನೆರಡಕ್ಕೆ ಡಾಕ್ಟ್ರೇ.’

ವಿದ್ಯುತ್ ಕೊರತೆ ನಮಗೊಬ್ಬರಿಗೇ ಬಂದದ್ದಲ್ಲ. ದಕ್ಷಿಣ ಆಫ್ರಿಕದ ಜನ 2023ರಲ್ಲಿ ದಿನವೂ ಗಂಟೆಗಟ್ಟಲೆ ಕತ್ತಲಲ್ಲಿ ಕುಳಿತರು. ಅದೇ ವರ್ಷ ನಮ್ಮಲ್ಲಿ ಮುಂಗಾರು ಕೈಕೊಟ್ಟಿತು, ಜಲವಿದ್ಯುತ್ತು ಕುಗ್ಗಿತು, ಬೇಡಿಕೆ ಏರಿತು. ಅಕ್ಟೋಬರಿನಲ್ಲಿ ಪಂಪ್‌ಸೆಟ್ಟಿಗೆ ಕೊಡುತ್ತಿದ್ದ 7 ಗಂಟೆ 5ಕ್ಕೆ ಇಳಿಯಿತು. ಎಷ್ಟು ಗಂಟೆ ಎಂಬ ಬಗ್ಗೆ ಗಲಾಟೆ ನಡೆಯಿತು. ಯಾವ ಹೊತ್ತಿನಲ್ಲಿ ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯ ಎನ್ನುವುದು ವೈದ್ಯನಾಗಿ ನನ್ನ ಮಾತು.

ಭಾರತದಲ್ಲಿ ಹಾವು ಕಚ್ಚಿ ವರ್ಷಕ್ಕೆ ಸುಮಾರು 58 ಸಾವಿರ ಜನ ಸಾಯುತ್ತಾರೆಂದು 2020ರ ಒಂದು ಅಧ್ಯಯನ ಅಂದಾಜು ಮಾಡಿದೆ. ಹೆಚ್ಚಿನವರು ಹಳ್ಳಿಗರು. ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಲೇಬೇಕೆಂದು ಕರ್ನಾಟಕ 2024ರಲ್ಲಿ ಕಡ್ಡಾಯ ಮಾಡಿತು. ಒಳ್ಳೆಯದೇ. ಆದರೆ ಲೆಕ್ಕ ಇಡುವುದರ ಜೊತೆಗೆ ಕಡಿತವನ್ನೇ ತಪ್ಪಿಸಬೇಡವೇ?

ಎಲ್ಲ ಮೋಟಾರು ಹಗಲಲ್ಲೇ ತಿರುಗಿದರೆ ಲೈನು, ಟ್ರಾನ್ಸ್‌ಫಾರ್ಮರು ತಡೆಯುವುದಿಲ್ಲ ಎನ್ನುತ್ತಾರೆ. ಆ ಮಾತಿನಲ್ಲಿ ಹುರುಳಿದೆ. ಆದರೆ ಈಗ ಪಾವಗಡದಲ್ಲೇ 2,050 ಮೆಗಾವಾಟಿನ ಸೌರ ಪಾರ್ಕ್ ಇದೆ. ಬಿಸಿಲಿನ ಕರೆಂಟು ಸಿಗುವುದೇ ಹಗಲಿನಲ್ಲಿ. ರೈತರಿಗೆ ಹಗಲಿನಲ್ಲಿ ಕರೆಂಟು ಕೊಡಲೆಂದೇ ಗುಜರಾತ್ 2020ರಲ್ಲಿ ಕಿಸಾನ್ ಸೂರ್ಯೋದಯ ಯೋಜನೆ ಆರಂಭಿಸಿತು. ನಮ್ಮಲ್ಲೂ ಪಂಪ್‌ಸೆಟ್ಟಿನ ಲೈನುಗಳಿಗೆ ಸೌರವಿದ್ಯುತ್ತು ಜೋಡಿಸುವ ಕೆಲಸಕ್ಕೆ ವೇಗ ಬರಬೇಕು. ಅದು ರೈತನಿಗೆ ಮಾಡುವ ಉಪಕಾರವಲ್ಲ, ರೋಗ ತಡೆಯುವ ಕೆಲಸ.

ಅಲ್ಲಿಯವರೆಗೆ ಮನೆಮಂದಿ ಇಷ್ಟು ನೆನಪಿಡಿ. ರಾತ್ರಿ ಒಬ್ಬರೇ ಹೋಗಬೇಡಿ. ಮೊಣಕಾಲವರೆಗಿನ ಬೂಟು, ಒಳ್ಳೆಯ ಟಾರ್ಚು, ಕೋಲು ಜೊತೆಗಿರಲಿ. ಹಾವು ಕಚ್ಚಿದರೆ ಕೊಯ್ಯಬೇಡಿ, ಹೀರಬೇಡಿ, ಹಗ್ಗ ಬಿಗಿಯಬೇಡಿ. ಉಂಗುರ, ಬಳೆ ತೆಗೆಯಿರಿ. ಮುರಿದ ಕೈಕಾಲಿಗೆ ಮಾಡುವಂತೆ ಪಟ್ಟಿ ಇಟ್ಟು ಅಲುಗಾಡದಂತೆ ನೋಡಿಕೊಳ್ಳಿ, ಕಚ್ಚಿಸಿಕೊಂಡವರನ್ನು ನಡೆಸಬೇಡಿ. 108ಕ್ಕೆ ಫೋನು ಮಾಡಿ. ಹಾವನ್ನು ಹುಡುಕುತ್ತ, ಮಂತ್ರ ಹಾಕಿಸುತ್ತ ಹೊತ್ತು ಕಳೆಯಬೇಡಿ. ಕಟ್ಟುಹಾವು ಕಚ್ಚಿದರೆ ನೋವು, ಬಾವು ಕಾಣದೆಯೂ ಇರಬಹುದು. ರೆಪ್ಪೆ ಜೋಲುವುದು, ಮಾತು ತೊದಲುವುದು ಶುರುವಾದಾಗ ತಡವಾಗಿರುತ್ತದೆ. ಇದಕ್ಕೆ ಮದ್ದು ಆಸ್ಪತ್ರೆಯಲ್ಲಿರುವ ವಿಷನಿರೋಧಕ ಚುಚ್ಚುಮದ್ದೇ.

ಮುಂದಿನ ಗ್ರಾಮಸಭೆಯಲ್ಲಿ ಕರೆಂಟಿನ ಮಾತು ಬಂದರೆ ‘ಎಷ್ಟು ಗಂಟೆ ಕೊಡುತ್ತೀರಿ?’ ಎಂದಷ್ಟೇ ಕೇಳಬೇಡಿ. ‘ಹಗಲಿನಲ್ಲಿ ಎಷ್ಟು ಗಂಟೆ?’ ಎಂದು ಕೇಳಿ.