ಅಳಿಸಲೇಬೇಕಾಗಿದ್ದ ಫೋಲ್ಡರ್

ಮಾನ್ವಿಯಲ್ಲಿ ನಮ್ಮ ಸೋದರಮಾವನ ಕಂಪ್ಯೂಟರ್ ಸೆಂಟರ್ ಇದೆ. ಜೆರಾಕ್ಸ್, ಆನ್‌ಲೈನ್ ಅರ್ಜಿ, ಹಾಲ್ ಟಿಕೆಟ್ ಅಲ್ಲಿನ ಕೆಲಸ. ಕಳೆದ ರಜೆಯಲ್ಲಿ ದೇವದುರ್ಗದಿಂದ ಅಲ್ಲಿಗೆ ಹೋದಾಗ ಮಾವ ಹಳೆಯ ವಿಂಡೋಸ್ 7 ಕಂಪ್ಯೂಟರ್ ಮಾರಲು ಹೊರಟಿದ್ದರು. ಅದರ ತುಂಬ ನೌಕರಿಗೆ ಅರ್ಜಿ ಹಾಕಿದವರ ಆಧಾರ್, ಅಂಕಪಟ್ಟಿ, 371(ಜೆ) ಪ್ರಮಾಣಪತ್ರಗಳ ಸ್ಕ್ಯಾನ್ ಪ್ರತಿಗಳು. ಎಲ್ಲ ಅಳಿಸಿದೆ. ಒಂದು ಫೋಲ್ಡರ್ ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ. ಹೆಸರು ಬಹಳ ಉದ್ದವಾಗಿದೆ ಎಂಬ ಸಂದೇಶವೇ ಮತ್ತೆ ಮತ್ತೆ.

"ಇಂಜಿನಿಯರಿಂಗ್ ಓದಾಕತ್ತಿ, ಒಂದು ಫೈಲ್ ಅಳಸಾಕ ಬರಂಗಿಲ್ಲೇನಲೇ?" ಮಾವ ನಕ್ಕರು. ರಾಯಚೂರಿನಲ್ಲಿ ಬಿಇ ಓದುವ ನನಗೆ ನಾಚಿಕೆಯಾಯಿತು. ಸಿ ಭಾಷೆಯಲ್ಲಿ ಫೈಲ್ ತೆರೆಯುವ, ಮುಚ್ಚುವ ಪ್ರೋಗ್ರಾಂ ನಮಗೆಲ್ಲ ಬಾಯಿಪಾಠ. ಇದನ್ನು ಯಾವ ಲ್ಯಾಬಿನಲ್ಲೂ ಮಾಡಿರಲಿಲ್ಲ.

ಕಾರಣ ಹುಡುಕಿದಾಗ ತಿಳಿದದ್ದಿಷ್ಟು. ವಿಂಡೋಸ್ ಎಣಿಸುವುದು ಫೈಲಿನ ಹೆಸರೊಂದನ್ನೇ ಅಲ್ಲ. ಡ್ರೈವ್‌ನಿಂದ ಹಿಡಿದು ಫೋಲ್ಡರೊಳಗಿನ ಫೋಲ್ಡರುಗಳ ಹೆಸರು ಸೇರಿ ಇಡೀ ದಾರಿಯನ್ನು. ಅದರ ಹಳೆಯ ಮಿತಿ 260. 2016ರಲ್ಲಿ ವಿಂಡೋಸ್ 10ರಲ್ಲಿ ಈ ಮಿತಿ ಸಡಿಲಿಸುವ ಅವಕಾಶ ಬಂತಾದರೂ ಅದನ್ನು ನಾವೇ ಆನ್ ಮಾಡಿಕೊಳ್ಳಬೇಕು. ಕನ್ನಡದಲ್ಲಿ ಹೆಸರಿಟ್ಟರೆ ಮಿತಿ ಇನ್ನೂ ಬೇಗ ಮುಗಿಯುತ್ತದೆ. 'ಮಾನ್ವಿ' ನಮ್ಮ ಕಣ್ಣಿಗೆ ಎರಡಕ್ಷರ. ಗುಣಿತ, ಒತ್ತುಗಳನ್ನು ಬೇರೆಬೇರೆ ಲೆಕ್ಕ ಹಾಕುವ ಕಂಪ್ಯೂಟರಿಗೆ ಆರು. 'ದೇವದುರ್ಗ' ಎಂಟು. ಮಾವ ಹುದ್ದೆಯ ಪೂರ್ತಿ ಹೆಸರು, ಅದರೊಳಗೆ ತಾಲ್ಲೂಕು, ಅದರೊಳಗೆ ಅಭ್ಯರ್ಥಿ, ತಂದೆ, ಊರು ಎಂದು ಅಚ್ಚುಕಟ್ಟಾಗಿ ಕನ್ನಡದಲ್ಲೇ ಬರೆದಿದ್ದರು. ಆಮೇಲೆ ಮೇಲಿನ ಫೋಲ್ಡರಿನ ಹೆಸರನ್ನು ಇನ್ನಷ್ಟು ಉದ್ದ ಮಾಡಿದ್ದರು. ಒಳಗಿನವೆಲ್ಲ ಮಿತಿ ದಾಟಿದ್ದವು. (ಹಾಗಂತ ಕನ್ನಡದಲ್ಲಿ ಹೆಸರಿಡಬೇಡಿ ಎನ್ನುತ್ತಿಲ್ಲ, ಚಿಕ್ಕದಾಗಿಡಿ.)

ಉಪಾಯ ಸರಳ. ಮೇಲಿನಿಂದ ಒಂದೊಂದೇ ಫೋಲ್ಡರಿನ ಹೆಸರನ್ನು 'ಅ', 'ಆ', 'ಇ' ಎಂದು ಬದಲಿಸುತ್ತ ಹೋದೆ. ದಾರಿ ಗಿಡ್ಡವಾಯಿತು, ಫೋಲ್ಡರ್ ಅಳಿಯಿತು. ಇದಕ್ಕೂ ಜಗ್ಗದಿದ್ದರೆ ವಿಂಡೋಸಿನಲ್ಲೇ ಇರುವ ರೋಬೋಕಾಪಿ ಎಂಬ ಕಮಾಂಡಿನ 'ಮಿರ್' ಆಯ್ಕೆಯಿಂದ ಖಾಲಿ ಫೋಲ್ಡರೊಂದನ್ನು ಹಟಮಾರಿ ಫೋಲ್ಡರಿನ ಮೇಲೆ ಪಡಿಯಚ್ಚು ಮಾಡಬಹುದು, ಒಳಗಿದ್ದುದೆಲ್ಲ ಹೋಗುತ್ತದೆ. ಖಾಲಿಯದರ ಹೆಸರು ಮೊದಲು ಬರಬೇಕು. ಗುರಿಯ ಜಾಗದಲ್ಲಿ ತಪ್ಪು ಫೋಲ್ಡರಿನ ಹೆಸರು ಕೊಟ್ಟರೆ ಬೇಕಾದದ್ದೇ ಹೋಗುತ್ತದೆ, ರೀಸೈಕಲ್ ಬಿನ್ನಿನಲ್ಲೂ ಸಿಗದು.

ನನ್ನನ್ನು ಕಾಡಿದ್ದು ಬೇರೆ. ಆ ಫೋಲ್ಡರಿನಲ್ಲಿ ನನ್ನ ಪಿಯುಸಿ ಗೆಳೆಯನ ಆಧಾರ್ ಪ್ರತಿಯೂ ಇತ್ತು. ಎರಡು ವರ್ಷದ ಹಿಂದೆ ಕೊಟ್ಟದ್ದು ಅವನಿಗೆ ನೆನಪೇ ಇಲ್ಲ. ನಾವೆಲ್ಲ ಹೀಗೆಯೇ ಪೆನ್‌ಡ್ರೈವ್ ಕೊಟ್ಟು, ಅರ್ಜಿ ಹಾಕಿಸಿ, ರಸೀದಿ ಹಿಡಿದು ಬಸ್ ಹತ್ತುತ್ತೇವೆ. ಹೊರಡುವ ಮುನ್ನ "ಅಣ್ಣಾ, ನನ್ನ ಫೈಲ್ ನನ್ನೆದುರೇ ಅಳಿಸಿಬಿಡಿ" ಎಂದು ಕೇಳಲು ಸಂಕೋಚವೇಕೆ? ಅಳಿಸಿದ ಮೇಲೂ ಮಾಹಿತಿ ಡಿಸ್ಕಿನಲ್ಲಿ ಸ್ವಲ್ಪ ಕಾಲ ಉಳಿದಿರುತ್ತದೆ, ಅದನ್ನು ಮರಳಿ ತೆಗೆಯುವ ಸಾಫ್ಟ್‌ವೇರ್‌ಗಳೂ ಇವೆ. ಇದನ್ನು ಹೇಳಿದಾಗ ಮಾವ ನಗಲಿಲ್ಲ. ಸ್ಕ್ರೂಡ್ರೈವರ್ ತಂದು ಹಾರ್ಡ್‌ಡಿಸ್ಕ್ ಬಿಚ್ಚಿ ಅಲಮಾರದೊಳಗಿಟ್ಟರು. ಕೊಳ್ಳಲು ಬಂದವರು ಐದುನೂರು ರೂಪಾಯಿ ಕಡಿಮೆ ಕೊಟ್ಟರು.